ತೊಂಬತ್ತೆಂಟು ಇಂಚಿನ ಇನ್ನೊಂದು ತುದಿ

“ಇಗೋ, ಕೋಲು ಜಾರಿದ್ದು ಇಲ್ಲಿಂದ,” ಎಂದು ಕೆಳಮನೆಯ ಟೀಚರಮ್ಮ ಮೆಟ್ಟಿಲಿನ ತಿರುವಿನಲ್ಲಿ ನಿಂತು ತೋರಿಸಿದರು. “ನಾನು ಗೋಡೆಗೆ ಆತುಕೊಂಡು ಪೆಟ್ಟಿಗೆಗೆ ದಾರಿ ಬಿಟ್ಟೆ. ಕೋಲು ಕೈಯಿಂದ ಹೋಯ್ತು. ಅದು ಟಕಟಕ ಅಂತ ಕೆಳಗೆ ಉರುಳ್ತಾ ಇದ್ರೆ, ಹಿಂದಿನ ಮೂಲೆ ಹಿಡಿದಿದ್ದ ಆ ಮೇಸ್ತ್ರಿ ಬಗ್ಗಿ ಪಟ್ ಅಂತ ಹಿಡಿದುಬಿಟ್ಟ. ‘ತಗೊಳಿ ಅಮ್ಮ, ನಿಧಾನ’ ಅಂತ ನನ್ನ ಕೈಗೇ ಕೊಟ್ಟ.”

“ಒಂದೇ ಕೈಲಿ ಹಿಡಿದನಾ?” ಎಂದು ಕೇಳಿದರು ಇನ್ಶೂರೆನ್ಸ್ ಮೇಡಂ.

“ಇನ್ನೊಂದು ಕೈಲಿ ಪೆಟ್ಟಿಗೆ ಇತ್ತಲ್ಲಮ್ಮ! ಹೆಜ್ಜೆ ಕೂಡ ತಪ್ಪಲಿಲ್ಲ. ನೀನೇ ಹೇಳು, ಅಂಥ ಮನುಷ್ಯ ಕಳ್ಳತನ ಮಾಡ್ತಾನಾ? ಇದನ್ನ ನಿನ್ನ ವರದೀಲಿ ಬರಿ. ನಾನು ಸಹಿ ಹಾಕ್ತೀನಿ.”

ಮೇಡಂ ಪೆನ್ನು ತೆಗೆಯಲಿಲ್ಲ. ಆ ಮುದುಕಿಯ ಮುಖದಲ್ಲಿ ಒಳ್ಳೆಯ ಕೆಲಸ ಮಾಡಿದ ಬೆಳಕಿತ್ತು. ಮೇಸ್ತ್ರಿಯನ್ನು ಉಳಿಸಲೆಂದು ಆಕೆ ಮಂಡಿನೋವಿನಲ್ಲೂ ಮೆಟ್ಟಿಲು ಹತ್ತಿ ಬಂದಿದ್ದರು. ತಾವು ಆಡಿದ ಮಾತೇ ಅವನ ಕುತ್ತಿಗೆಗೆ ಉರುಳಾದೀತೆಂದು ಅವರಿಗೆ ಹೇಗೆ ಹೇಳುವುದು?

ಹಲ್ಲಿನ ಡಾಕ್ಟರ ತೊಂಬತ್ತೆಂಟು ಇಂಚಿನ ಟಿವಿ, ಮನೆ ಸಾಮಾನು ಸಾಗಿಸುವ ಈ ಮೇಸ್ತ್ರಿಯ ಲಾರಿಯಲ್ಲಿ, ಹಳೆಯ ಮನೆಯಿಂದ ಈ ಹೊಸ ಮನೆಗೆ ಬಂದಿತ್ತು. ಮಾರನೆಯ ದಿನ ಮೆಕ್ಯಾನಿಕ್ ಬಿಚ್ಚಿದರೆ ಪೆಟ್ಟಿಗೆಯಲ್ಲಿ ಥರ್ಮಾಕೋಲ್ ಮಾತ್ರ ಇತ್ತು. ದಾರಿಯಲ್ಲಿ ಹೋಯಿತು ಎಂದು ಮೇಡಂ ಬರೆದರೆ, ಸಂಜೆ ಬರಲಿರುವ ಇನ್ಸ್‌ಪೆಕ್ಟರ್ ಮೇಸ್ತ್ರಿಯನ್ನು ಜೀಪಿನಲ್ಲಿ ಕೂರಿಸಿಕೊಂಡು ಹೋಗುತ್ತಾರೆ.

“ಟೀಚರಮ್ಮ, ಇನ್ನು ಸ್ವಲ್ಪ ಹೊತ್ತು ಇಲ್ಲೇ ಇರ್ತೀರಾ?”

“ಇರ್ತೀನಿ. ಕೂರೋಕೆ ಏನಾದ್ರೂ ಕೊಡಿಸು. ನಿಂತು ಪಾಠ ಮಾಡಿದ್ದು ಸಾಕಾಗಿದೆ ನನಗೆ.”

ಡಾಕ್ಟರ ಹೆಂಡತಿ ಯಾರೂ ಹೇಳುವ ಮೊದಲೇ ಒಂದು ಕುರ್ಚಿ ತಂದು ತಿರುವಿನಲ್ಲಿ ಇಟ್ಟರು. ಬೆನ್ನಿಗೆ ಒಂದು ದಿಂಬನ್ನೂ ಇಟ್ಟು, ಮೇಲೆ ಹೋದರು.

ಹಾಲ್‌ನಲ್ಲಿ ಆ ಪೆಟ್ಟಿಗೆ ಗೋಡೆಗೆ ಒರಗಿ ನಿಂತಿತ್ತು. ಒಂದು ಮಂಚವನ್ನು ಅಡ್ಡವಾಗಿ ನಿಲ್ಲಿಸಿದರೆ ಎಷ್ಟಾಗುತ್ತದೋ ಅದಕ್ಕಿಂತಲೂ ದೊಡ್ಡದು. ಇನ್ನೂ ಬಿಚ್ಚದ ರಟ್ಟಿನ ಡಬ್ಬಗಳು ಅದರ ಸುತ್ತ, ತಾಯಿಯ ಸುತ್ತ ಮಕ್ಕಳ ಹಾಗೆ ಬಿದ್ದಿದ್ದವು.

ಈ ಕೇಸು ಕೈಗೆ ಬಂದ ಮೇಲೆ ಮೇಡಂಗೆ ಇಂಥ ಟಿವಿಗಳ ವಿಷಯದಲ್ಲಿ ಒಂದು ಬಗೆಯ ಮಗುವಿನ ಕುತೂಹಲ ಹುಟ್ಟಿತ್ತು. ಗೋಡೆಯ ಮೇಲಿದ್ದಾಗ ಅದು ಬರಿಯ ಚಿತ್ರ. ಭಾರವಿದೆ ಎಂದು ಯಾರಿಗೂ ಅನಿಸುವುದಿಲ್ಲ. ಇಳಿಸಲು ಹೋದಾಗಲೇ ಅದರ ನಿಜವಾದ ಗುಣ ಗೊತ್ತಾಗುವುದು. ಟಿವಿಯೇ ಅರವತ್ತು ಕಿಲೋ. ಪೆಟ್ಟಿಗೆ ಸೇರಿದರೆ ಎಂಬತ್ತು. ಅಷ್ಟೇ ಆಗಿದ್ದರೆ ಒಬ್ಬ ಗಟ್ಟಿ ಹಮಾಲಿ ಹೊತ್ತಾನು. ಆದರೆ ಇದನ್ನು ಬೆನ್ನ ಮೇಲೆ ಹಾಕಿಕೊಳ್ಳುವಂತಿಲ್ಲ, ಮಲಗಿಸುವಂತಿಲ್ಲ, ನಡುವೆ ಹಿಡಿಯುವಂತಿಲ್ಲ. ಮಲಗಿಸಿದರೆ ತನ್ನ ಭಾರಕ್ಕೆ ತಾನೇ ಬಾಗಿ ಗಾಜು ಸೀಳುತ್ತದೆ. ಲಿಫ್ಟಿನ ಬಾಗಿಲಲ್ಲಿ ಹಿಡಿಸುವುದಿಲ್ಲ. ಮದುವಣಗಿತ್ತಿಯ ಹಾಗೆ ನೆಟ್ಟಗೆ ನಿಲ್ಲಿಸಿಕೊಂಡೇ, ಎರಡೂ ತುದಿಯಲ್ಲಿ ಜನ ಹಿಡಿದು, ಮೆಟ್ಟಿಲು ಹತ್ತಿಸಬೇಕು.

ಹತ್ತಿಸುವಾಗ ಭಾರವೆಲ್ಲ ಕೆಳಗಿನವನ ಮೇಲೆ ಬರುತ್ತದೆ. ಮೇಸ್ತ್ರಿ ಅಂದು ಕೆಳಗಿನ ಮೂಲೆಯಲ್ಲಿದ್ದ.

“ಡಾಕ್ಟ್ರೇ, ನಿಮ್ಮನೇಲಿ ಕುಡಿಯೋ ನೀರಿನ ಕ್ಯಾನು ಎಷ್ಟಿವೆ?”

ಡಾಕ್ಟರು ಕನ್ನಡಕ ಸರಿಮಾಡಿಕೊಂಡರು. “ಮೂರು ತುಂಬಿದ್ದಾವೆ. ಬಾಯಾರಿಕೆನಾ?”

“ಒಂದು ಕ್ಯಾನು ಇಪ್ಪತ್ತು ಕಿಲೋ. ಮೂರು ಸೇರಿದ್ರೆ ನಿಮ್ಮ ಟಿವಿ. ಪೆಟ್ಟಿಗೇಲಿ ಕೂರಿಸೋಣ.”

“ನನ್ನ ನೆಲ ಹೊಸದು ಮೇಡಂ! ಚೆಲ್ಲಿದ್ರೆ?”

“ಒರೆಸೋಣ ಸಾರ್,” ಎಂದ ಬಾಗಿಲ ಬಳಿ ಕೈಕಟ್ಟಿ ನಿಂತಿದ್ದ ಮೇಸ್ತ್ರಿ. ಐವತ್ತರ ಆಸುಪಾಸು, ತೆಳ್ಳನೆಯ ಆಳು. ಎಡ ಹೆಗಲು ಬಲಕ್ಕಿಂತ ಒಂದಿಷ್ಟು ತಗ್ಗಾಗಿತ್ತು. ಮೇಡಂ ಕರೆಸಿದ್ದರಿಂದ ಅಂದಿನ ಮೂವರು ಹಮಾಲರನ್ನೂ ಜೊತೆಗೆ ತಂದಿದ್ದ. ಅವರಲ್ಲಿ ಒಬ್ಬ ಅವನ ಸ್ವಂತ ತಮ್ಮ. ಆ ತಮ್ಮ ಅಣ್ಣನಿಗಿಂತ ಎತ್ತರ, ಅಣ್ಣನಿಗಿಂತ ಮೌನಿ. ಹೋದ ತಿಂಗಳು ಹುಟ್ಟಿದ ಮಗಳ ಚಿತ್ರವನ್ನು ಫೋನಿನ ಮುಖದ ಮೇಲೇ ಇಟ್ಟುಕೊಂಡಿದ್ದ.

“ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ನಂತೆ,” ಎಂದು ಡಾಕ್ಟರು ಗೋಡೆಗೆ ಹೇಳುವ ಹಾಗೆ ಹೇಳಿದರು.

“ನಾವು ದಿನಾ ಮುಟ್ಟಿ ನೋಡ್ಕೋತೀವಿ ಸಾರ್. ನೋವು ಹಾಗಿರತ್ತೆ.”

ಕೆಳಗಿನ ಕುರ್ಚಿಯಿಂದ ಟೀಚರಮ್ಮನ ನಗು ಕೇಳಿಸಿತು.

ಪೆಟ್ಟಿಗೆಯ ರಚನೆ ಸರಳವಾಗಿತ್ತು. ತಳದಲ್ಲಿ ಒಂದು ತಟ್ಟೆ, ಅದರಲ್ಲಿ ಟಿವಿಯನ್ನು ನಿಲ್ಲಿಸುವ ಥರ್ಮಾಕೋಲ್ ಅಚ್ಚು. ಮೇಲಿಂದ ಟೋಪಿ ಹಾಕಿದಂತೆ ದೊಡ್ಡ ರಟ್ಟು ಇಳಿಸಿ, ಸುತ್ತ ಟೇಪು ಹಚ್ಚಬೇಕು. ಮೇಸ್ತ್ರಿಯ ಆಳುಗಳು ತಟ್ಟೆಯ ಮೇಲೆ ಒಂದು ಹಲಗೆ ಇಟ್ಟು, ಕ್ಯಾನುಗಳನ್ನು ಸಾಲಾಗಿ ಕೂರಿಸಿ, ಅಲುಗಾಡದಂತೆ ಹಳೆಯ ಬೆಡ್‌ಶೀಟು ತುರುಕಿದರು. ಟೋಪಿ ಇಳಿಸಿ, ಹಗ್ಗ ಬಿಗಿದರು.

“ಅವತ್ತು ಯಾರ್ಯಾರು ಎಲ್ಲೆಲ್ಲಿ ಹಿಡಿದಿದ್ರೋ ಅಲ್ಲೇ ಹಿಡೀರಿ. ಕೆಳಗಿಂದ ಮೇಲಕ್ಕೆ ತನ್ನಿ,” ಎಂದರು ಮೇಡಂ.

ನಾಲ್ವರೂ ಪೆಟ್ಟಿಗೆಯನ್ನು ಕೆಳಗೆ ಇಳಿಸಿ, ಉಸಿರು ಹಿಡಿದು ಮತ್ತೆ ಹತ್ತತೊಡಗಿದರು. ಮುಂದೆ ತಮ್ಮ ಮತ್ತು ಇನ್ನೊಬ್ಬ, ಹಿಂದೆ ಮೇಸ್ತ್ರಿ ಮತ್ತು ಮತ್ತೊಬ್ಬ. ಮೇಸ್ತ್ರಿಯ ಗಂಟಲಿಂದ ಮಾತ್ರ ಹ್ಞಾ, ಹ್ಞಾ ಎಂದು ಹೆಜ್ಜೆಗೊಂದು ಸದ್ದು ಬರುತ್ತಿತ್ತು. ತಿರುವಿಗೆ ಬಂದಾಗ ಅವನ ಕುತ್ತಿಗೆಯ ನರ ಹಗ್ಗದಂತೆ ಎದ್ದಿತ್ತು.

ಮೇಡಂ ಕಣ್ಣಿನಲ್ಲೇ ಸನ್ನೆ ಮಾಡಿದರು. ಟೀಚರಮ್ಮ ಕೋಲನ್ನು ಬಿಟ್ಟರು.

ಟಕ್. ಟಕ್. ಟಕ್.

ಮೇಸ್ತ್ರಿಯ ಬಲಗೈ ತಾನಾಗಿಯೇ ಬಿಡಿಸಿಕೊಳ್ಳಲು ನೋಡಿತು. ಬೆರಳು ಸಡಿಲವಾದ ಕ್ಷಣವೇ ಪೆಟ್ಟಿಗೆ ಅವನ ಕಡೆಗೆ ವಾಲಿತು. ಅವನು ಎದೆಯನ್ನೇ ಕೊಟ್ಟು ತಡೆದ. ಕೋಲು ಅವನ ಕಾಲಿನ ಪಕ್ಕದಲ್ಲೇ ಉರುಳಿ ಕೆಳಗಿನ ಬಾಗಿಲು ಮುಟ್ಟಿತು.

“ಅಮ್ಮಾ, ತಪ್ಪು ತಿಳೀಬೇಡಿ,” ಎಂದು ಏದುಸಿರಿನಲ್ಲೇ ಹೇಳಿದ, “ಕೈ ಬಿಡೋಕೆ ಆಗ್ತಿಲ್ಲ.”

ಟೀಚರಮ್ಮನ ಮುಖ ನಿಧಾನವಾಗಿ ಬಿಳುಚಿಕೊಂಡಿತು. ಅಷ್ಟು ವರ್ಷ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟವರು. ಅವರಿಗೆ ಎಲ್ಲ ತಿಳಿಯಿತು. “ಅಯ್ಯೋ,” ಎಂದರು ಮೆಲ್ಲಗೆ, “ನಾನು ಏನು ಮಾಡಿಬಿಟ್ಟೆ!”

ಪೆಟ್ಟಿಗೆ ಹಾಲ್ ಸೇರಿತು. ಡಾಕ್ಟರು ಚಪ್ಪಾಳೆ ತಟ್ಟುವುದೊಂದು ಬಾಕಿ.

“ಸಾಬೀತಾಯ್ತಲ್ಲ! ಅವತ್ತು ಹೂವೆತ್ತಿದ ಹಾಗೆ ಎತ್ಕೊಂಡು ಬಂದಿದ್ದಾನೆ. ಅಂದ್ರೆ ಪೆಟ್ಟಿಗೆ ಖಾಲಿ. ಖಾಲಿ ಅಂತ ಗೊತ್ತಿದ್ದೂ ಬಾಯಿ ಬಿಟ್ಟಿಲ್ಲ. ದಾರೀಲಿ ಲಾರಿ ನಿಲ್ಸಿ ಮಾಲು ಇಳಿಸಿದ್ದಾರೆ. ಬರ್ಕೊಳಿ ಮೇಡಂ.”

“ಬಾಯಿ ತೆರೆಸೋ ಡಾಕ್ಟ್ರು, ನಿಮಗೆ ಮುಚ್ಚೋಕೆ ಕಲಿಸಿಲ್ಲ ನೋಡಿ,” ಎಂದರು ಟೀಚರಮ್ಮ, ಒಬ್ಬ ಹಮಾಲಿಯ ತೋಳು ಹಿಡಿದು ಮೇಲೆ ಬರುತ್ತ. “ಸ್ವಲ್ಪ ಅವನೂ ಮಾತಾಡ್ಲಿ.”

ಡಾಕ್ಟರ ಹೆಂಡತಿ ನೀರು ತಂದರು. ಎಲ್ಲರಿಗೂ ಒಂದೇ ಬಗೆಯ ಲೋಟ. ಮೇಸ್ತ್ರಿಗೆ ಮಾತ್ರ ಅವರು ಕೇಳುವ ಮೊದಲೇ ಎರಡನೆಯ ಸಲ ತುಂಬಿಕೊಟ್ಟರು.

“ಮೇಸ್ತ್ರಿ,” ಎಂದರು ಮೇಡಂ, “ಅವತ್ತು ಪೆಟ್ಟಿಗೆ ಹಗುರ ಇತ್ತು. ಹೌದೋ ಅಲ್ವೋ?”

“ಹೌದು.”

“ಯಾವಾಗಿಂದ?”

“ಹಳೇ ಮನೇಲಿ ಮೊದಲು ಎತ್ತಿದಾಗಲೇ ಮಣಿಕಟ್ಟಿಗೆ ಗೊತ್ತಾಯ್ತು ಮೇಡಂ.”

“ಮತ್ತೆ ಯಾಕೆ ಹೇಳ್ಲಿಲ್ಲ?”

ಮೇಸ್ತ್ರಿ ಲೋಟವನ್ನು ಎರಡೂ ಕೈಯಲ್ಲಿ ತಿರುಗಿಸಿದ. “ನಮ್ಮಲ್ಲಿ ಮಾಲು ಕೈಲಿ ಇರೋವಾಗ ತೂಕದ ಮಾತು ಆಡೋ ಹಾಗಿಲ್ಲ. ಭಾರ ಅಂದ್ರೆ ಜೊತೆಯವನ ಕೈ ಸೋಲತ್ತೆ. ಹಗುರ ಅಂದ್ರೆ ಎಚ್ಚರ ತಪ್ಪತ್ತೆ. ಎರಡೂ ಅನಾಹುತವೇ. ನಮ್ಮಪ್ಪ ಒಂದು ಸಲ ನಾನು ‘ಇಷ್ಟೇನಾ’ ಅಂದಿದ್ದಕ್ಕೆ ಮೆಟ್ಟಿಲ ಮೇಲೇ ಕಪಾಳಕ್ಕೆ ಬಿಟ್ಟಿದ್ರು.”

“ಇಳಿಸಿದ ಮೇಲೆ ಹೇಳಬಹುದಿತ್ತಲ್ಲ.”

“ಇಳಿಸಿದ ಮೇಲೆ...” ಅವನು ನಾಚಿಕೆಯಿಂದ ನಕ್ಕ. “ನಾನು ಇಷ್ಟು ದೊಡ್ಡ ಟಿವಿ ಯಾವತ್ತೂ ಎತ್ತಿರ್ಲಿಲ್ಲ ಮೇಡಂ. ಹಿಂದೆ ಡಬ್ಬದ ಥರ ಟಿವಿ ಇತ್ತಲ್ಲ, ಅದು ಮಣಭಾರ. ಆಮೇಲೆ ಬಂದಿದ್ದು ತೆಳು, ಹಗುರ. ವರ್ಷ ಹೋದ ಹಾಗೆ ಇನ್ನೂ ತೆಳು, ಇನ್ನೂ ಹಗುರ. ಇದು ಎಲ್ಲಕ್ಕಿಂತ ಹೊಸದು. ಕ್ಯಾಲೆಂಡರ್ ಥರ ಆಗಿರಬೇಕು, ಕಾಲ ಎಲ್ಲಿಗೆ ಬಂತಪ್ಪ ಅಂದ್ಕೊಂಡೆ. ಅಷ್ಟೇ.”

ಕೋಣೆಯಲ್ಲಿ ಯಾರೂ ನಗಲಿಲ್ಲ. ಮೇಡಂಗೆ ಮಾತ್ರ ನಗು ಬರುವಂತಾಯಿತು. ಏಕೆಂದರೆ ಕೇಸು ಕೈಗೆ ಬಂದ ಮೊದಲ ದಿನ ಅವರೂ ಸರಿಯಾಗಿ ಹಾಗೆಯೇ ಅಂದುಕೊಂಡಿದ್ದರು.

“ಕಥೆ!” ಎಂದರು ಡಾಕ್ಟರು. “ಹಳೇ ಮನೇಲೇ ಖಾಲಿ ಇತ್ತು ಅಂದ್ರೆ ಕಳ್ಳ ನಾನಾ?”

“ಹಾಗೆ ಹೇಳ್ತಾ ಇಲ್ಲ,” ಎಂದು ಮೇಡಂ ಅವರ ಕಡೆ ತಿರುಗಿದರು. “ಪ್ಯಾಕ್ ಮಾಡಿದ್ದು ನೀವೇ ಅಂತ ಕ್ಲೇಮಿನಲ್ಲಿ ಬರೆದಿದ್ದೀರಿ.”

“ನಾನು ಮತ್ತೆ ನನ್ನ ಭಾವಮೈದ. ಶಿಫ್ಟಿಂಗ್ ಹಿಂದಿನ ದಿನ.”

“ಹೇಗೆ ಮಾಡಿದ್ರಿ?”

“ಹೇಗೆ ಅಂದ್ರೆ? ಗೋಡೆಯಿಂದ ಇಳಿಸಿದ್ವಿ. ಮಂಚದ ಮೇಲೆ ಮಲಗಿಸಿದ್ವಿ. ಒರೆಸಿದ್ವಿ. ಆಮೇಲೆ ಪೆಟ್ಟಿಗೆಯೊಳಗೆ ಮೇಲಿಂದ ಇಳಿಬಿಟ್ವಿ, ಬೀರುವಿಗೆ ಪುಸ್ತಕ ಇಟ್ಟ ಹಾಗೆ.”

ಮೇಸ್ತ್ರಿ ತಲೆಯೆತ್ತಿ ನೋಡಿದ. ಅವನ ತಮ್ಮ ನೆಲ ನೋಡಿದ.

“ಮಲಗಿಸಿದ್ರಾ?”

“ಮಲಗಿಸದೆ ಹೇಗೆ ಒರೆಸೋದು?”

“ಮಲಗಿಸಿದ್ರೆ ಸೀಳುತ್ತೆ ಡಾಕ್ಟ್ರೇ, ಪೆಟ್ಟಿಗೆ ಮೇಲೇ ಚಿತ್ರ ಬರೆದು ಅಡ್ಡಗೆರೆ ಹಾಕಿದ್ದಾರೆ. ಅದು ಹೋಗ್ಲಿ. ಮೇಲಿಂದ ಹೇಗೆ ಇಳಿಬಿಟ್ರಿ? ಈ ಪೆಟ್ಟಿಗೆಗೆ ಮೇಲೆ ಬಾಯಿಯೇ ಇಲ್ಲ. ಈಗ ತಾನೆ ಟೋಪಿ ಥರ ಹಾಕಿದ್ದು ನಿಮ್ಮ ಕಣ್ಣೆದುರೇ.”

ಡಾಕ್ಟರು ಪೆಟ್ಟಿಗೆಯನ್ನು ಮೊದಲ ಸಲ ನೋಡುವವರಂತೆ ನೋಡಿದರು.

“ನಿಮ್ಮ ಭಾವಮೈದನಿಗೆ ಒಂದು ಫೋನ್ ಮಾಡಿ. ಸ್ಪೀಕರ್ ಹಾಕಿ.”

ಫೋನ್ ಬಹಳ ಹೊತ್ತು ರಿಂಗಾಯಿತು. ಆ ಕಡೆಯ ದನಿ ಉಲ್ಲಾಸದಲ್ಲಿತ್ತು. “ಏನ್ ಭಾವ, ಹೊಸ ಮನೆ ಹೇಗಿದೆ?”

“ಅದಿರ್ಲಿ ಮಾರಾಯ, ಟಿವಿ ಪ್ಯಾಕ್ ಮಾಡಿದ್ದು ನೀನು ತಾನೆ?”

“ನಾನಾ? ಅವತ್ತು ನಾನು ಊರಲ್ಲೇ ಇರ್ಲಿಲ್ವಲ್ಲ ಭಾವ. ಬರೋಕಾಗಲ್ಲ ಅಂತ ಅಕ್ಕಂಗೆ ಹೇಳಿದ್ನಲ್ಲ. ನೀವೇ ಮಾಡ್ತೀರಂತೆ ಅಂದ್ಲು.”

ಡಾಕ್ಟರು ಫೋನನ್ನು ಮೇಜಿನ ಮೇಲೆ ಬೋರಲಾಗಿ ಇಟ್ಟರು. ಅವರ ಕಿವಿ ಕೆಂಪಾಗಿತ್ತು. ಪಾಪ, ಸುಳ್ಳು ಹೇಳಿ ಅಭ್ಯಾಸವಿಲ್ಲದ ಮನುಷ್ಯ; ಅಹಂಕಾರ ಒಂದನ್ನು ಬಿಟ್ಟರೆ ಅವರಲ್ಲಿ ದೊಡ್ಡ ದೋಷವಿರಲಿಲ್ಲ.

“ಸರಿ. ನಾನೂ ಇರ್ಲಿಲ್ಲ,” ಎಂದರು ಕೊನೆಗೆ. “ಕ್ಲಿನಿಕ್‌ನಲ್ಲಿದ್ದೆ. ಸಂಜೆ ಬಂದಾಗ ಪೆಟ್ಟಿಗೆ ಟೇಪು ಹಚ್ಚಿ ನಿಂತಿತ್ತು. ಇವಳ ತಮ್ಮ ಬಂದು ಮಾಡಿರ್ತಾನೆ ಅಂದ್ಕೊಂಡೆ. ಯಜಮಾನ ಮುಂದೆ ನಿಂತು ಪ್ಯಾಕ್ ಮಾಡಿಸಿರಬೇಕು ಅಂತ ಇನ್ಶೂರೆನ್ಸ್‌ನೋರು ಕೇಳ್ತಾರಲ್ಲ, ಅದಕ್ಕೆ ನನ್ನ ಹೆಸರೂ ಸೇರಿಸಿದೆ.”

“ಹಾಗಾದ್ರೆ ಪ್ಯಾಕ್ ಮಾಡಿದ್ದು ಯಾರು?”

ಮೇಸ್ತ್ರಿಯ ಮುಖದಲ್ಲಿ ಮೊದಲ ಬಾರಿಗೆ ಒಂದಿಷ್ಟು ಗೆಲುವು ಕಂಡಿತು. ಲಾರಿ ಹೊರಡುವ ಮೊದಲೇ ಟಿವಿ ಪೆಟ್ಟಿಗೆಯಲ್ಲಿರಲಿಲ್ಲ ಎಂದಾದರೆ ಅವನು ಉಳಿದ. ಟೀಚರಮ್ಮ ಕೂಡ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಅವನ ಬೆನ್ನು ತಟ್ಟಿದರು.

“ಕ್ಯಾನು ಕೆಳಗಿಟ್ಟು ಬರ್ತೀವಿ,” ಎಂದು ತಮ್ಮ ಎದ್ದ. ನೀರಿನ ಕ್ಯಾನುಗಳು ಅಡುಗೆಮನೆಯವು; ಕೆಳಗೆ ಇಡುವ ಅಗತ್ಯವೇ ಇರಲಿಲ್ಲ. ಆದರೂ ಅವನು ಪೆಟ್ಟಿಗೆಯ ಟೋಪಿ ಎತ್ತಿಸಿ, ಒಂದನ್ನು ಎತ್ತಿಕೊಂಡು ಮೆಟ್ಟಿಲಿಳಿದುಬಿಟ್ಟ. ಉಳಿದಿಬ್ಬರು ಮುಖ ಮುಖ ನೋಡಿಕೊಂಡು ಹಿಂದೆ ಹೋದರು.

ಮೇಡಂ ಅದನ್ನು ಗಮನಿಸಿದರು. ಆದರೆ ಅವರ ಕಣ್ಣು ಹಾಲ್‌ನಲ್ಲಿ ಹರಡಿದ್ದ ಡಬ್ಬಗಳ ಮೇಲಿತ್ತು. ಪ್ರತಿಯೊಂದು ಡಬ್ಬದ ಟೇಪಿನ ತುದಿಯನ್ನೂ ಒಂದು ಬೆರಳಿನಷ್ಟು ಒಳಕ್ಕೆ ಮಡಚಿ, ಪುಟ್ಟ ಕಿವಿಯಂತೆ ಬಿಟ್ಟಿದ್ದರು.

“ಇದೇನು ಮೇಸ್ತ್ರಿ? ಅಂದಕ್ಕಾ?”

“ಅಂದಕ್ಕಲ್ಲ ಮೇಡಂ,” ಎಂದು ಅವನು ಹಗುರಾದ ಮನಸ್ಸಿನಿಂದ ಹೇಳಿದ. “ಬಿಚ್ಚೋರು ತುದಿ ಹುಡುಕ್ತಾ ಉಗುರು ಕಿತ್ಕೋಬಾರದು. ಆ ಕಿವಿ ಹಿಡಿದು ಎಳೆದ್ರೆ ಸರ್ರಂತ ಬರತ್ತೆ. ಹೊಸ ಮನೆಗೆ ಬಂದೋರು ದಣಿದಿರ್ತಾರಲ್ಲ. ಇದೂ ನಮ್ಮಪ್ಪ ಕಲಿಸಿದ್ದೇ.”

“ನಿಮ್ಮ ಆಳುಗಳೆಲ್ಲ ಹೀಗೇ ಮಾಡ್ತಾರಾ?”

“ಎಲ್ಲಿ ಬಂತು! ಅವರಿಗೆ ಅಷ್ಟು ತಾಳ್ಮೆ ಇಲ್ಲ. ಟೇಪಿನ ಕೆಲಸ ನಂದು, ನನ್ನ ತಮ್ಮಂದು. ಇಬ್ಬರೇ.”

“ಟಿವಿ ಪೆಟ್ಟಿಗೆಗೂ ನೀವು ಟೇಪು ಹಚ್ಚಿದ್ರಾ?”

“ಇಲ್ಲ ಮೇಡಂ. ಅದು ಮೊದಲೇ ಹಚ್ಚಿತ್ತು. ನಾನು ಆ ಮನೆಗೆ ಕಾಲಿಟ್ಟಿದ್ದೇ ಶಿಫ್ಟಿಂಗ್ ದಿನ. ಬೇಕಾದ್ರೆ...”

ಮೇಡಂ ಪೆಟ್ಟಿಗೆಯ ಹಿಂಬದಿಯ ಮೂಲೆಯನ್ನು ಬೆಳಕಿಗೆ ತಿರುಗಿಸಿದರು. ಮೆಕ್ಯಾನಿಕ್ ಪೂರ್ತಿ ಕೀಳದೆ ಬಿಟ್ಟ ಟೇಪಿನ ತುಂಡು ಅಲ್ಲಿ ಇನ್ನೂ ಜೋತಾಡುತ್ತಿತ್ತು. ಅದರ ತುದಿಯಲ್ಲಿ, ಒಂದು ಬೆರಳಿನಷ್ಟು ಮಡಚಿದ ಪುಟ್ಟ ಕಿವಿ.

ಮೇಸ್ತ್ರಿ ಅದನ್ನು ನೋಡಿದ. ಮುಟ್ಟಲು ಹೋಗಿ ಕೈ ಹಿಂದೆ ತೆಗೆದುಕೊಂಡ. ಕೆಳಗಡೆ ಕ್ಯಾನನ್ನು ನೆಲಕ್ಕಿಟ್ಟ ಸದ್ದು ಕೇಳಿಸಿತು. ಆಮೇಲೆ ಜೀಪೊಂದು ಬಂದು ನಿಂತ ಸದ್ದು.

ಅವನು ಬಾಗಿಲ ಕಡೆ ನೋಡಿದ, ಮತ್ತೆ ಮೇಡಂ ಕಡೆ ನೋಡಿದ. ಒಂದು ನಿಮಿಷದಲ್ಲಿ ಅವನ ವಯಸ್ಸು ಹತ್ತು ವರ್ಷ ಹೆಚ್ಚಾದಂತಿತ್ತು.

“ಬರ್ಕೊಳಿ ಮೇಡಂ,” ಎಂದ. “ನಾನೇ.”

“ಏನು ನೀವೇ?”

“ಟಿವಿ ತೆಗೆದಿದ್ದು. ಟೇಪು ಹಚ್ಚಿದ್ದು. ಎಲ್ಲಾ.”

“ಅಯ್ಯೋ ಹುಚ್ಚಪ್ಪ!” ಎಂದರು ಟೀಚರಮ್ಮ.

“ಮೇಸ್ತ್ರಿ, ಈಗ ತಾನೆ ನೀವು ಆ ಮನೆಗೆ ಮೊದಲೇ ಹೋಗಿರ್ಲಿಲ್ಲ ಅಂದ್ರಿ.”

“ಸುಳ್ಳು ಹೇಳಿದೆ.”

“ಇಲ್ಲ. ಸುಳ್ಳು ಹೇಳ್ತಾ ಇರೋದು ಈಗ.”

ಬಾಗಿಲಲ್ಲಿ ಇನ್ಸ್‌ಪೆಕ್ಟರ್ ನಿಂತಿದ್ದರು. ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡು, ಚಪ್ಪಲಿಗಳ ಸಾಲಿನ ಪಕ್ಕದಲ್ಲಿ ತಮ್ಮ ಬೂಟನ್ನೂ ಬಿಚ್ಚಿಟ್ಟು ಒಳಗೆ ಬಂದರು. “ಒಪ್ಕೊಂಡ್ನಾ? ಒಳ್ಳೇದಾಯ್ತು, ಎಲ್ಲರಿಗೂ ಕೆಲಸ ಕಮ್ಮಿ. ಜೊತೇಲಿ ಯಾರಿದ್ರಯ್ಯ?”

“ಯಾರೂ ಇಲ್ಲ ಸಾರ್. ಒಬ್ಬನೇ.”

“ಒಬ್ಬನೇ ಆಗೋದಿಲ್ಲ ಸಾರ್,” ಎಂದರು ಮೇಡಂ. ಅವರ ದನಿ ಎಂದಿಗಿಂತ ಗಡುಸಾಗಿತ್ತು. “ಅರವತ್ತು ಕಿಲೋ ಅಂತ ಮಾತ್ರ ಅಲ್ಲ. ಅದರ ಉದ್ದಕ್ಕೆ ಮನುಷ್ಯನ ತೋಳು ಸಾಲಲ್ಲ. ಈ ಕಡೆಯ ಕೊಂಡಿ ಬಿಡಿಸೋವಾಗ ಆ ಕಡೆ ಇನ್ನೊಬ್ಬರು ಹಿಡಿದೇ ಇರಬೇಕು. ಇಲ್ಲಾಂದ್ರೆ ಗಾಜು ನೆಲದ ಮೇಲೆ.”

“ಒಬ್ಬನೇ ಇಳಿಸಿದೆ ಸಾರ್,” ಎಂದು ಮೇಸ್ತ್ರಿ ಇನ್ಸ್‌ಪೆಕ್ಟರ್ ಮುಂದೆ ಎರಡೂ ಕೈ ಚಾಚಿದ. “ನನ್ನ ಕೈಗೆ ಅಭ್ಯಾಸ ಇದೆ. ಹೋಗೋಣ ನಡೀರಿ. ಕೆಳಗೆ ನಮ್ಮ ಹುಡುಗರಿದ್ದಾರೆ, ಅವರನ್ನೇನೂ ಕೇಳ್ಬೇಡಿ. ಅವರಿಗೇನೂ ಗೊತ್ತಿಲ್ಲ.”

ಇನ್ಸ್‌ಪೆಕ್ಟರ್ ಅವನ ತೋಳಿಗೆ ಕೈ ಹಾಕಿದರು.

“ಅವರನ್ನ ಬಿಡಿ.”

ದನಿ ಅಡುಗೆಮನೆಯ ಬಾಗಿಲಿಂದ ಬಂದಿತ್ತು. ಡಾಕ್ಟರ ಹೆಂಡತಿ ಖಾಲಿ ಲೋಟಗಳ ತಟ್ಟೆಯನ್ನು ನೆಲದ ಮೇಲೆ ಇಟ್ಟು ನೆಟ್ಟಗಾದರು. ಗಂಡನ ಕಡೆ ನೋಡಲಿಲ್ಲ. ಮೇಸ್ತ್ರಿಯ ಕಡೆಗೇ ನೋಡುತ್ತ, ಒಡಹುಟ್ಟಿದವನಿಗೆ ಹೇಳುವಂತೆ ಹೇಳಿದರು:

“ನೀವು ಯಾಕಣ್ಣ ಹೀಗೆ ಮಾಡ್ತೀರಿ? ಅವತ್ತು ಅಲ್ಲಿದ್ದಿದ್ದು ನೀವಲ್ಲ, ನಿಮ್ಮ ತಮ್ಮ. ಇನ್ನೊಂದು ತುದಿ ಹಿಡ್ಕೊಂಡಿದ್ದು ನಾನು.”